ನಾಲ್ಕನೆಯ ಆಟಗಾರ್ತಿ

ಹರ್ಷದಾ ಯಾರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಹುಡುಕುತ್ತಿದ್ದದ್ದು ಟಿವಿಯ ರಿಮೋಟನ್ನು. ಮನೆಯವರು ನೀರು ತರಲು ಒಳಗೆ ಹೋದಷ್ಟು ಹೊತ್ತು ಸಾಕು, ಸೆಟ್ಟಿಂಗ್ಸಿನೊಳಗೆ ನುಗ್ಗಿ, ಚಿತ್ರವನ್ನು ಬೆಣ್ಣೆಯಂತೆ ಜಾರಿಸುವ ಆ ಒಂದು ಸೌಕರ್ಯವನ್ನು ಬಂದ್ ಮಾಡಿ, ಏನೂ ಆಗಿಲ್ಲವೆಂಬಂತೆ ಸೋಫಾದಲ್ಲಿ ಕೂತುಬಿಡುತ್ತಿದ್ದಳು.

"ಸಿನೆಮಾ ಅಂದರ ಸಿನೆಮಾದಂಗ ಕಾಣಬೇಕು. ಮದುವಿ ವಿಡಿಯೋದಂಗ ಕಾಣಬಾರದು" ಎಂಬುದು ಅವಳ ವಾದ.

ಗಂಡ ಕೇದಾರನಿಗೆ ಇದು ಮುಜುಗರದ ವಿಷಯ. "ಅವರ ಮನಿ ಟಿವಿ ಹೆಂಗರ ಕಾಣಲಿ, ನಿನಗೇನು?" ಎಂದು ಮೆಟ್ಟಿಲಿಳಿಯುವಾಗ ಪ್ರತಿ ಸಲ ಕೇಳುತ್ತಿದ್ದ. ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ಅವಳ ಕೈಲಾಗದ ಮಾತು. ಅವಳ ನೌಕರಿಯೂ ಅಂಥದ್ದೇ. ನಾಚಾರಂನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿದ್ದ ಮುಚ್ಚಳಗಳನ್ನು ಬೆಳಕಿಗೆ ಹಿಡಿದು, ಓರೆಕೋರೆ ಕಂಡವನ್ನು ಪಕ್ಕಕ್ಕೆ ಎಸೆಯುವ ವಿಭಾಗಕ್ಕೆ ಅವಳು ಮುಖ್ಯಸ್ಥೆ.

ರಾಮಂತಾಪುರದ ಅವರ ಅಪಾರ್ಟ್‌ಮೆಂಟಿನಲ್ಲಿ ಹರ್ಷದಾಳನ್ನು ಕೇಳದೆ ಯಾರೂ ಒಂದು ಮಿಕ್ಸರ್ ಕೂಡ ಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ ಉತ್ತರದ ಜೊತೆಗೆ ಭಾಷಣವೂ ಸಿಗುತ್ತಿತ್ತು. ಫ್ರಿಜ್ಜಿಗೆ ಇಂಟರ್ನೆಟ್ ಯಾಕೆ ಬೇಕು, ಹಾಲು ಕೆಟ್ಟದ್ದು ಮೂಗಿಗೆ ಗೊತ್ತಾಗುವುದಿಲ್ಲವೇ? ಮಾತು ಕೇಳಿ ಹತ್ತಿಕೊಳ್ಳುವ ದೀಪ ಬೇಕೆನ್ನುವವರ ಮನೆಯಲ್ಲಿ ಸ್ವಿಚ್ಚು ಅಷ್ಟು ದೂರ ಇದೆಯೇ? ಆದರೆ ಅವಳ ನಿಜವಾದ ಸಿದ್ಧಾಂತಗಳೆಲ್ಲ ಗೇಮ್ ಕನ್ಸೋಲಿನ ಸುತ್ತ ಇದ್ದವು. ಹೊಸದು ಬಂದ ವರ್ಷವೇ ಕೊಳ್ಳಬಾರದು. ಅವಸರದವರು ಕೊಂಡು ಕಷ್ಟಪಡಲಿ, ಕಂಪನಿ ತಿದ್ದಿಕೊಳ್ಳಲಿ, ಆಮೇಲೆ ನಾವು. ಆಟ ಕೊಂಡರೆ ಡಿಸ್ಕನ್ನೇ ಕೊಳ್ಳಬೇಕು. "ಡೌನ್‌ಲೋಡ್ ಅಂದರ ಬಾಡಿಗಿ ಮನಿ ಇದ್ದಂಗ. ಮಾಲಕ ಯಾವತ್ತು ಎದ್ದು ಹೋಗು ಅಂತಾನೋ ಹೇಳಾಕ ಬರಂಗಿಲ್ಲ. ಡಿಸ್ಕ್ ಆದರ ನಮ್ಮದು. ಆಡಿ ಮುಗಿಸಿ ಇನ್ನೊಬ್ಬರ ಕೈಯಾಗ ಇಡಬಹುದು."

ಎಲ್ಲಕ್ಕಿಂತ ದೊಡ್ಡ ಸಿದ್ಧಾಂತ ಒಂದಿತ್ತು. ಆಟವೆಂದರೆ ಒಂದೇ ಸೋಫಾದ ಮೇಲೆ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಇಬ್ಬರು ಕೂತು ಆಡುವುದು. ಗೆದ್ದಾಗ ತೊಡೆ ತಟ್ಟಲು, ಸೋತಾಗ ದಿಂಬಿನಿಂದ ಹೊಡೆಯಲು ಪಕ್ಕದಲ್ಲಿ ಮನುಷ್ಯರಿರಬೇಕು.

ಮದುವೆಯಾಗಿ ಬರುವಾಗಲೇ ಅವಳು ತನ್ನ ಕನ್ಸೋಲನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಅತ್ತೆ ಯಮುನಾಬಾಯಿ ಆ ಗಂಟನ್ನು ಮುಟ್ಟಿ ನೋಡಿ ಸೊಸೆ ಹೊಲಿಗೆ ಮಷೀನು ತಂದಿದ್ದಾಳೆಂದು ನೆರೆಹೊರೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಗಂಟು ಬಿಚ್ಚಿದ ಮೇಲೆ ಎರಡು ದಿನ ಮುಖ ಗಂಟಿಕ್ಕಿದ್ದರು, ಆಮೇಲೆ ಅದಕ್ಕೆ "ಆಟದ ಡಬ್ಬಿ" ಎಂದು ಹೆಸರಿಟ್ಟು, ಪ್ರತಿದಿನ ಅದರ ಧೂಳು ಒರೆಸತೊಡಗಿದರು.

ಕೇದಾರನಿಗೆ ಆಟ ಹತ್ತಲಿಲ್ಲ. ಅವನು ಸರ್ಕಾರಿ ಲೆಕ್ಕಪತ್ರದ ಇಲಾಖೆಯವನು, ಮನೆಗೆ ಬಂದ ಮೇಲೆ ಅವನಿಗೆ ಅಡುಗೆಮನೆಯೇ ಆಟದ ಮೈದಾನ. ಹೀಗಾಗಿ ಸೋಫಾದ ಇನ್ನೊಂದು ತುದಿ ಮಗಳು ವರ್ಷಾ ಹುಟ್ಟಿ ಕೂರಲು ಕಲಿಯುವವರೆಗೂ ಖಾಲಿ ಇತ್ತು. ವರ್ಷಾ ತೀರ ಚಿಕ್ಕವಳಿದ್ದಾಗ ಹರ್ಷದಾ ಅವಳ ಕೈಗೆ ಸೆಲ್ಲು ತೆಗೆದ ಕಂಟ್ರೋಲರ್ ಕೊಟ್ಟು, ತಾನೊಬ್ಬಳೇ ಆಡುತ್ತ, "ಶಾಬಾಸ್, ನೋಡು ನೀ ಹೆಂಗ ಜಿಗಿಸಿದಿ!" ಎಂದು ಹೊಗಳುತ್ತಿದ್ದಳು. ಮಗು ಹಲವು ತಿಂಗಳುಗಳ ಕಾಲ ತನ್ನ ಶೌರ್ಯವನ್ನು ನಂಬಿತ್ತು. ಒಂದು ದಿನ ಕಂಟ್ರೋಲರನ್ನು ಮಗುಚಿ ನೋಡಿ ಜೋರಾಗಿ ಅತ್ತ ಮೇಲೆ ಸೆಲ್ಲು ಬಂತು, ಸೆಲ್ಲಿನ ಜೊತೆಗೆ ನಿಜವಾದ ಜೊತೆಗಾರ್ತಿಯೂ ಬಂದಳು. ಭಾನುವಾರದ ಮಧ್ಯಾಹ್ನಗಳಲ್ಲಿ ತಾಯಿ ಮಗಳು ಸೇರಿ ಎಷ್ಟು ರಾಕ್ಷಸರನ್ನು ಕೊಂದರೋ, ಎಷ್ಟು ಕಾರುಗಳನ್ನು ಕಮರಿಗೆ ಉರುಳಿಸಿದರೋ!

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ವರ್ಷಾ ಸೋಫಾ ಬಿಟ್ಟು ತನ್ನ ಕೋಣೆ ಸೇರಿದಳು. ಓದಿಗೆಂದು ಕೊಡಿಸಿದ್ದ ಕಂಪ್ಯೂಟರಿನಲ್ಲೇ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಗೆಳೆಯರ ಜೊತೆ ಆನ್‌ಲೈನಿನಲ್ಲಿ ಆಡತೊಡಗಿದಳು. ನಾಲ್ವರ ತಂಡದ ಆಟ ಅದು. ಕೈಯಲ್ಲಿ ಬೆಂಕಿ ಹಿಡಿದು ಹಾಳು ಕೋಟೆಯೊಳಗೆ ನುಗ್ಗಬೇಕು, ಎದುರಾಳಿ ತಂಡಕ್ಕಿಂತ ಮೊದಲು ಒಳಗಿನ ದೀಪಗಳನ್ನೆಲ್ಲ ಹೊತ್ತಿಸಿ ಹೊರಗೆ ಬರಬೇಕು. ಶಾಲೆಯ ಸ್ರವಂತಿ, ಮಲಕ್‌ಪೇಟೆಯಿಂದ ಟ್ಯೂಷನ್ನಿಗೆ ಬರುವ ಫೈಜಾನ್, ಮಾನಸಾ ಎಂಬ ಇನ್ನೊಬ್ಬಳು ಹುಡುಗಿ, ಜೊತೆಗೆ ವರ್ಷಾ. ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳಲೂ ಹಿಂಜರಿಯುವ ವರ್ಷಾ ಅಲ್ಲಿ ನಾಯಕಿಯಾಗಿದ್ದಳು. "ಎಡಕ್ಕ ಬರ್ರಿ, ನಿಲ್ರಿ, ಈಗ ಓಡ್ರಿ" ಎನ್ನುವುದನ್ನು ತೆಲುಗು, ಹಿಂದಿ ಎರಡನ್ನೂ ಬೆರೆಸಿ ಅವಳು ಹೇಳಿದರೆ ಮೂವರೂ ಕೇಳುತ್ತಿದ್ದರು. ಗೋಡೆಯ ಈಚೆ ಕೂತ ಹರ್ಷದಾಳಿಗೆ ಕೇಳಿಸುತ್ತಿದ್ದದ್ದು ಬರೀ ನಗು.

"ಈ ಕಂಪನಿಯವರು ಸೋಫಾನ ಕೊಂದುಬಿಟ್ಟರು ನೋಡ್ರಿ" ಎಂದು ಅವಳು ಗಂಡನ ಎದುರು ದೂರಿದಳು. "ಮೊದಲ ಒಂದ ಪರದೆಯನ್ನ ಎರಡು ಮಾಡಿ ಇಬ್ಬರಿಗೆ ಆಡಾಕ ಕೊಡತಿದ್ದರು. ಈಗ ಒಂದೊಂದು ಮಗುವಿಗೆ ಒಂದೊಂದು ಮಷೀನು, ಒಂದೊಂದು ಕೋಣಿ. ಇದು ಆಟ ಏನು? ಜೈಲು."

"ಜೈಲಿನ್ಯಾಗ ಇಷ್ಟು ನಗತಾರೇನು?" ಎಂದ ಕೇದಾರ, ಒಗ್ಗರಣೆಗೆ ಸಾಸಿವೆ ಹಾಕುತ್ತ.

ದಸರಾ ರಜೆಯ ಒಂದು ಭಾನುವಾರ ವರ್ಷಾಳ ಕೋಣೆಯ ಬಾಗಿಲು ತೆರೆಯಿತು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡೇ ಅವಳು ಹಾಲಿಗೆ ಬಂದಳು. ಮಾನಸಾ ಹಾಸ್ಟೆಲ್ಲಿಗೆ ಸೇರಿದ್ದಳು, ತಂಡದಲ್ಲಿ ಒಂದು ಜಾಗ ಖಾಲಿ.

"ಅಮ್ಮಾ, ಒಂದ ಆಟಕ್ಕ ಬರ್ತೀ? ನಿನ್ನ ಕನ್ಸೋಲಿನಿಂದನೂ ಸೇರಾಕ ಬರತೈತಿ. ನಾಲ್ಕು ಮಂದಿ ಇಲ್ಲಂದರ ಒಳಗ ಬಿಡಂಗಿಲ್ಲ."

ಆನ್‌ಲೈನ್ ಆಟ ಜೈಲು ಎಂದಿದ್ದ ಹರ್ಷದಾ ಎಷ್ಟು ಬೇಗ ಕಂಟ್ರೋಲರ್ ಎತ್ತಿಕೊಂಡಳೆಂದರೆ, ಅವಳ ತೊಡೆಯ ಮೇಲಿದ್ದ ಮೆಂತ್ಯೆ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು.

ಮೊದಲ ಆಟದಲ್ಲಿ ಅವಳು ದಾರಿ ತಪ್ಪಿ ಬಾವಿಗೆ ಬಿದ್ದಳು. ಎರಡನೆಯದರಲ್ಲಿ, ಎದುರಾಳಿಗಳು ಮೂವರು ಒಟ್ಟಿಗೆ ಮೇಲೆ ಬಿದ್ದಾಗ ಒಬ್ಬಳೇ ಬಾಗಿಲು ಕಾದು ನಿಂತು ಉಳಿದವರನ್ನು ಒಳಗೆ ಕಳಿಸಿದಳು. ಕಿವಿಯಲ್ಲಿ ಕೂಗೋ ಕೂಗು.

"ಆಂಟೀ, ಆಪ್ ತೋ ಕಮಾಲ್ ಕರ್ ದಿಯೇ!" ಎಂದ ಫೈಜಾನ್.

"ವರ್ಷಾ, ಮೀ ಅಮ್ಮ ಸೂಪರ್!" ಎಂದಳು ಸ್ರವಂತಿ.

ಗೋಡೆಯ ಆಚೆಯಿಂದ, ಹೆಡ್‌ಫೋನಿನಲ್ಲೂ ಬಾಗಿಲ ಸಂದಿಯಲ್ಲೂ ಒಮ್ಮೆಗೇ, ವರ್ಷಾ ನಕ್ಕದ್ದು ಹರ್ಷದಾಳಿಗೆ ಕೇಳಿಸಿತು. ಅಂದು ರಾತ್ರಿ ಊಟಕ್ಕೆ ಕೂತಾಗಲೂ ತಾಯಿಯ ಮುಖದ ಕಳೆ ಇಳಿದಿರಲಿಲ್ಲ.

ಒಂದು ಆಟ ದಿನಕ್ಕೊಂದಾಯಿತು. ಹುಡುಗರು ನೇರವಾಗಿ ಅವಳಿಗೇ ಕರೆ ಕಳಿಸತೊಡಗಿದರು. ವರ್ಷಾ ಇನ್ನೂ ಕಂಪ್ಯೂಟರಿನ ಮುಂದೆ ಕೂತಿರದಿದ್ದರೂ ಹರ್ಷದಾ ಕಾರ್ಖಾನೆಯಿಂದ ಬಂದವಳೇ ಕೈಕಾಲು ತೊಳೆದು, ಚಹಾ ಹಿಡಿದು, ಕೋಟೆಯ ಬಾಗಿಲಲ್ಲಿ ಹಾಜರಾಗಿಬಿಡುತ್ತಿದ್ದಳು. ಆಟದ ನಡುನಡುವೆ ಅವಳ ಸಿದ್ಧಾಂತಗಳೂ ಹರಿದವು. ಕಿವಿಯೊಳಗೆ ತುರುಕುವ ಹೆಡ್‌ಫೋನ್ ಬಿಟ್ಟು ಕಿವಿಯ ಮೇಲೆ ಕೂರುವುದನ್ನು ಕೊಳ್ಳೆಂದು ಸ್ರವಂತಿಗೆ ಹೇಳಿದಳು. ಫೈಜಾನನ ಅಬ್ಬಾ ಹೊಸ ಟಿವಿ ಕೊಳ್ಳುವವರಿದ್ದರು. ಅವರು ಮಗನ ಮೈಕನ್ನೇ ಕಸಿದುಕೊಂಡು ಸಲಹೆ ಕೇಳಿದರು. ಅವಳು ಹೇಳಿದ್ದಕ್ಕೆಲ್ಲ "ಜೀ ಬೆಹನ್‌ಜೀ, ಜೀ ಬೆಹನ್‌ಜೀ" ಎಂದರು. ಇಷ್ಟು ಗೌರವ ಹರ್ಷದಾಳಿಗೆ ಸ್ವಂತ ಮನೆಯಲ್ಲೂ ಸಿಕ್ಕಿರಲಿಲ್ಲ.

ಬರುಬರುತ್ತ ಆಟದ ಅಪ್ಪಣೆಗಳೂ ಅವಳ ಬಾಯಿಂದಲೇ ಹೊರಡತೊಡಗಿದವು. ವರ್ಷಾ "ಬಲಕ್ಕ" ಎನ್ನುವಷ್ಟರಲ್ಲಿ ಹರ್ಷದಾ "ಬ್ಯಾಡ, ಎಡಕ್ಕ, ಎಡಕ್ಕ!" ಎನ್ನುತ್ತಿದ್ದಳು. ಹೆಚ್ಚಿನ ಸಲ ಎಡವೇ ಸರಿಯಾಗಿರುತ್ತಿತ್ತು, ಅದೇ ದೊಡ್ಡ ತೊಂದರೆ. ಒಂದು ದಿನ ಆಟ ಶುರುವಾಗಲು ತಡವಾದಾಗ, ಹೊತ್ತು ಕಳೆಯಲೆಂದು, ಸೆಲ್ಲಿಲ್ಲದ ಕಂಟ್ರೋಲರಿನ ಕತೆಯನ್ನೂ ಹೇಳಿಬಿಟ್ಟಳು. ಫೈಜಾನ್ ಬಿದ್ದು ಬಿದ್ದು ನಕ್ಕ. ಮರುದಿನದಿಂದ ವರ್ಷಾ ಗುರಿ ತಪ್ಪಿದಾಗಲೆಲ್ಲ ಯಾರಾದರೂ ಒಬ್ಬರು, "ವರ್ಷಾ, ಸೆಲ್ ಹೈ ನಾ ಆಜ್?" ಎಂದು ಕೇಳುವುದು ರೂಢಿಯಾಯಿತು.

ದೀಪಾವಳಿ ಕಳೆದ ಮೇಲೆ ವರ್ಷಾ ಆಟಕ್ಕೆ ಬರುವುದು ಕಡಿಮೆಯಾಯಿತು. ಪ್ರಾಜೆಕ್ಟ್ ಇದೆ ಅಂದಳು. ತಲೆನೋವು ಅಂದಳು. ಹರ್ಷದಾ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೋಫಾಕ್ಕೆ ವಾಪಸಾದಳು. ವರ್ಷಾಳ ಜಾಗಕ್ಕೆ ಫೈಜಾನನ ದಾಯಾದಿ ಅಣ್ಣನೊಬ್ಬ ಬಂದ. ಆಟ ನಡೆದೇ ಇತ್ತು.

ಒಂದು ಸಂಜೆ ಹರ್ಷದಾ ಯಾವುದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಹತ್ತಿ ಹೊಸೆಯುತ್ತ ಕೂತಿದ್ದ ಯಮುನಾಬಾಯಿ ಬತ್ತಿಯನ್ನು ತಟ್ಟೆಯಲ್ಲಿಟ್ಟರು.

"ಹರ್ಷದಾ, ನೀ ಯಾರ ಕೂಡ ಆಡಾಕತ್ತೀ?"

"ಸ್ರವಂತಿ, ಫೈಜಾನ್... ವರ್ಷಾನ ಗೆಳೆಯರು, ಅತ್ಯಾರ."

"ಹೌದಾ? ವರ್ಷಾನ ಗೆಳೆಯರು. ಮತ್ತ ವರ್ಷಾ ಎಲ್ಲಿ?"

ಅಷ್ಟು ಹೇಳಿ ಮುದುಕಿ ಮತ್ತೆ ಹತ್ತಿ ಎತ್ತಿಕೊಂಡರು. ಹರ್ಷದಾ ಆಟವನ್ನು ನಡುವೆಯೇ ಬಿಟ್ಟು ಎದ್ದಳು. ಹಾಗೆ ನಡುವೆ ಬಿಡುವುದು ತಂಡಕ್ಕೆ ಮಾಡುವ ದ್ರೋಹ ಎಂದು ಹುಡುಗರಿಗೆ ಪಾಠ ಹೇಳಿದ್ದವಳೂ ಅವಳೇ.

ವರ್ಷಾ ಕೋಣೆಯಲ್ಲಿ ದೀಪ ಹಾಕದೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಂಪ್ಯೂಟರ್ ಆರಿತ್ತು. ಹಾಲಿನ ಸದ್ದೆಲ್ಲ ಆ ಗೋಡೆಯಿಂದ ಸ್ಪಷ್ಟವಾಗಿ ಕೇಳುತ್ತದೆ ಎಂಬುದು ಹರ್ಷದಾಳಿಗೆ ಒಳಗೆ ಬಂದ ಮೇಲೆಯೇ ತಿಳಿದದ್ದು.

"ತಲಿ ಇನ್ನೂ ನೋಯಾಕತ್ತೈತೇನು?"

"ಇಲ್ಲ."

"ಮತ್ತ ಆಡಾಕ ಯಾಕ ಬರವಲ್ಲಿ? ಎಲ್ಲಾರೂ ಕೇಳಾಕತ್ತಾರ."

"ಎಲ್ಲಾರೂ ಯಾರನ್ನ ಕೇಳಾಕತ್ತಾರ?" ವರ್ಷಾ ತಿರುಗಿ ನೋಡಿದಳು. "ಅವರು ನನಗ ಫೋನ್ ಹಚ್ಚೋದ ಬಿಟ್ಟಾರ ಅಮ್ಮಾ. ಸ್ಕೂಲಿನ್ಯಾಗ, ಟ್ಯೂಷನ್ನಿನ್ಯಾಗ ಸಿಕ್ಕರ, ಆಂಟಿ ಇವತ್ತ ಎಷ್ಟೊತ್ತಿಗೆ ಬರ್ತಾರ ಅಂತ ಕೇಳತಾರ."

"ನೀನ ಕರೆದಿ, ನಾ ಬಂದೆ. ಕರೀದೆ ಬಂದೆನೇನು?"

"ಒಂದ ಆಟಕ್ಕ ಕರೆದಿದ್ದೆ." ವರ್ಷಾ ದಿಂಬನ್ನು ಎದೆಗೆ ಎಳೆದುಕೊಂಡಳು. "ಮನಿಯಾಗ ಎಲ್ಲಾ ನಿಂದ ಐತಿ. ಯಾವ ಫೋನ್ ತಗೋಬೇಕು, ಯಾವ ಚೀಲ ತಗೋಬೇಕು, ಟಿವಿ ಹೆಂಗ ಕಾಣಬೇಕು, ಎಲ್ಲಾ ನಿನಗ ಗೊತ್ತು. ನನ್ನ ಹತ್ರ ಇದ್ದದ್ದು ಇದೊಂದ. ಅಲ್ಲಿ ನಾ ಹೇಳಿದರ ಕೇಳತಿದ್ದರು. ಅದೂ ಈಗ ನಿಂದಾತು."

ಹರ್ಷದಾ ಬಾಯಿ ತೆರೆದಳು. ಹೇಳಲು ಸಾಕಷ್ಟಿತ್ತು: ತಾನು ಬಂದ ಮೇಲೆ ತಂಡ ಗೆಲ್ಲುತ್ತಿದೆ, ಸೆಲ್ಲಿನ ಕತೆ ತಮಾಷೆಗೆ ಹೇಳಿದ್ದು, ಬೇರೆ ತಾಯಂದಿರು ಆಟವೆಂದರೆ ಬೈಯುತ್ತಾರೆ, ತಾನಾದರೋ... ಆದರೆ ಮಗಳು ಆಗಲೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹರ್ಷದಾ ಬಾಗಿಲನ್ನು ಮೆಲ್ಲಗೆ ಮುಂದೆ ಎಳೆದುಕೊಂಡು ಹೊರಗೆ ಬಂದಳು.

ಅಡುಗೆಮನೆಯಲ್ಲಿ ಕೇದಾರ ಜೋಳದ ರೊಟ್ಟಿ ತಟ್ಟುತ್ತಿದ್ದ. ಅವನಿಗೆ ಎಲ್ಲವೂ ಕೇಳಿಸಿತ್ತು.

"ನಾ ಏನ ತಪ್ಪು ಮಾಡೀನಿ ಹೇಳ್ರಿ. ಮಗಳ ಜೋಡಿ ಆಡೋದು ತಪ್ಪೇನು?" ಎಂದು ಹರ್ಷದಾ ಕಟ್ಟೆಗೆ ಒರಗಿದಳು.

"ಸಣ್ಣಾವ ಇದ್ದಾಗ ನಾ ಗಲ್ಲಿಯಾಗ ಕ್ರಿಕೆಟ್ ಆಡಾಕ ಹೋಗತಿದ್ದೆ" ಎಂದ ಕೇದಾರ. "ಅಲ್ಲಿಗೆ ನಮ್ಮವ್ವ ಬ್ಯಾಟ್ ಹಿಡಕೊಂಡು ಬಂದಿದ್ದರ, ಮರುದಿನದಿಂದ ನಾ ಹೋಗತಿದ್ದಿಲ್ಲ."

"ನಾ ಬಂದಿದ್ದರ ನಿಮ್ಮೆಲ್ಲಾರನ್ನೂ ಔಟ್ ಮಾಡಿ ಬರತಿದ್ದೆ" ಎಂದರು ಹಾಲಿನಿಂದ ಯಮುನಾಬಾಯಿ.

"ಅದಕ್ಕಂತನ ಹೋಗತಿದ್ದಿಲ್ಲವ್ವ."

ಹರ್ಷದಾಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಕೇದಾರ ಹಿಟ್ಟಿನ ಕೈಯಿಂದಲೇ ಅವಳ ಭುಜ ತಟ್ಟಿದ. ಸೀರೆಯ ಮೇಲೆ ಬಿಳಿಯ ಅಂಗೈ ಮೂಡಿತು.

ಮರುದಿನ ಕಾರ್ಖಾನೆಯಲ್ಲಿ ಮುಚ್ಚಳಗಳನ್ನು ಬೆಳಕಿಗೆ ಹಿಡಿಯುತ್ತಿದ್ದರೂ ಅವಳ ಮನಸ್ಸು ಅಲ್ಲಿರಲಿಲ್ಲ. ಮಗಳು ಸೋಫಾ ಬಿಟ್ಟು ಎದ್ದು ಹೋದದ್ದರಿಂದ ತನಗೆ ಎಷ್ಟು ನೋವಾಗಿತ್ತು ಎಂಬುದು ಅವಳಿಗೆ ಈಗ ಗೊತ್ತಾಗತೊಡಗಿತು. ಇಷ್ಟು ದಿನ ಆ ನೋವಿಗೆ ಕಂಪನಿಗಳನ್ನು ಬೈದಿದ್ದಳು. ಬೈದು ಸಾಲದೆ, ಗೋಡೆ ದಾಟಿ ಮಗಳನ್ನು ಹಿಂಬಾಲಿಸಿ ಹೋಗಿ, ಅವಳ ಕೋಣೆಯಲ್ಲೂ ತನ್ನದೇ ಸೋಫಾ ಹಾಕಿಕೊಂಡು ಕೂತಿದ್ದಳು. ಹದಿನಾಲ್ಕು ವರ್ಷದ ಹುಡುಗಿ ಕೇಳಿದ್ದಾದರೂ ಏನು? ನಾಲ್ಕು ಜನರ ನಡುವೆ "ಬಲಕ್ಕ ಬರ್ರಿ" ಎಂದು ತಾನೇ ಹೇಳುವ, ತಪ್ಪಾದರೆ ತಾನೇ ತಪ್ಪಾಗುವ ಒಂದು ಜಾಗ.

ಸಂಜೆ ಬಂದವಳು ನೇರ ವರ್ಷಾಳ ಬಾಗಿಲು ಬಡಿದಳು.

"ನಾ ಇನ್ನ ಮ್ಯಾಲೆ ಬರಂಗಿಲ್ಲ. ಅವರಿಗೆ ಏನಂತ ಹೇಳಲಿ? ನೀ ಸಿಟ್ಟಾಗೀದಿ ಅಂತ ಅವರಿಗೆ ಅನಿಸಬಾರದು."

ವರ್ಷಾ ಬಾಗಿಲನ್ನು ಪೂರ್ತಿ ತೆರೆದಳು. "ಡಿಸ್ಕ್ ಇಲ್ಲದ ಆಟ ಆಡಿದ್ದಕ್ಕ ಮನಸಾಕ್ಷಿ ಚುಚ್ಚಾಕತ್ತೈತಿ ಅಂತ ಹೇಳು. ನಿನ್ನನ್ನ ಬಲ್ಲವರು ನಂಬತಾರ."

ಹರ್ಷದಾ ಹಾಗೆಯೇ ಹೇಳಿದಳು. ಹುಡುಗರು ನಂಬಿದರು. ಸ್ರವಂತಿ "ಪ್ಲೀಸ್ ಆಂಟೀ" ಎಂದು ಗೋಗರೆದಳು. ಫೈಜಾನ್ ಅಬ್ಬಾನ ಕೈಗೇ ಮೈಕು ಕೊಟ್ಟು ಹೇಳಿಸಿ ನೋಡಿದ. ಅವಳು ಜಗ್ಗಲಿಲ್ಲ. "ನಿಮ್ಮ ಕ್ಯಾಪ್ಟನ್ ವರ್ಷಾ. ಆಕೀ ಮಾತು ಕೇಳ್ರಿ. ನನಗ ಕೋಟೆ ಸಾಕಾತು" ಎಂಬುದನ್ನು ಮೂರೂ ಭಾಷೆಗಳಲ್ಲಿ ಹೇಳಿ, ಆ ಆಟವನ್ನು ತನ್ನ ಕನ್ಸೋಲಿನಿಂದಲೇ ಅಳಿಸಿದಳು.

ಮೊದಮೊದಲು ಸಂಜೆಗಳು ಉದ್ದವಾದವು. ಹಳೆಯ ಡಿಸ್ಕೊಂದನ್ನು ಹಾಕಿಕೊಂಡು ಒಬ್ಬಳೇ ಆಡುವ ಆಟ ಶುರುಮಾಡಿದಳು. ಯಮುನಾಬಾಯಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಅತ್ಲಾಗ ಹೋಗಬ್ಯಾಡಂತ ಹೇಳು ಅವಗ, ಅಲ್ಲಿ ಯಾವನೋ ಅಡಗಿ ನಿಂತಾನ" ಎಂದು ನಾಯಕನ ಬಗ್ಗೆ ಕಾಳಜಿ ಮಾಡತೊಡಗಿದರು. ಗೋಡೆಯ ಆಚೆ ಒಂದೆರಡು ವಾರ ಮೌನವಿತ್ತು. ಆಮೇಲೆ "ಆಗು, ಆಗು, ಇಪ್ಪುಡು ರಾ!" ಎಂದು ತೆಲುಗಿನಲ್ಲಿ ಯಾರನ್ನೋ ತಡೆದು ನಿಲ್ಲಿಸಿ, ಆಮೇಲೆ ಕರೆಯುವ ವರ್ಷಾಳ ದನಿ ಕೇಳಿತು, ಆಮೇಲೆ ನಗು. ಯಾವುದಕ್ಕೆ ನಗುತ್ತಿದ್ದಾರೆಂದು ಹರ್ಷದಾಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ಕೇಳಬೇಕೆನಿಸಿತು. ಕೇಳಲಿಲ್ಲ.

ಫೈಜಾನನ ಅಣ್ಣ ಆಡುವುದನ್ನು ಬಿಟ್ಟಿದ್ದರಿಂದ ತಂಡಕ್ಕೆ ನಾಲ್ಕನೆಯವನಾಗಿ ಸುಮಂತ ಬಂದ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ ಮಾಡುವ ಮಲ್ಲಪ್ಪನ ಮಗ, ವರ್ಷಾಳದೇ ಶಾಲೆ. ಸಂಕ್ರಾಂತಿಯ ಹೊತ್ತಿಗೆ ವರ್ಷಾ ಒಂದು ಸುದ್ದಿ ತಂದಳು. ಅಬಿಡ್ಸ್‌ನ ಒಂದು ಹಳೆಯ ಹೋಟೆಲಿನ ಹಾಲಿನಲ್ಲಿ ಶಾಲಾ ಮಕ್ಕಳ ಪಂದ್ಯ ಇದೆ. ಪ್ರತಿ ತಂಡದ ಜೊತೆ ಒಬ್ಬರಾದರೂ ದೊಡ್ಡವರು ಬರಬೇಕು.

"ಪಪ್ಪಾನ ಕರಕೊಂಡು ಹೋಗಲಾ ಅಂತ ಮಾಡಿದ್ದೆ" ಎಂದಳು ವರ್ಷಾ, ನೆಲ ನೋಡುತ್ತ. "ಆದರ ಅವರಿಗೆ ಅಲ್ಲಿ ಏನು ನಡದೈತಿ ಅಂತನ ಗೊತ್ತಾಗಂಗಿಲ್ಲ. ನೀ ಬಾ. ಆದರ..."

"ಬಾಯಿ ತೆಗೆಯಂಗಿಲ್ಲ" ಎಂದಳು ಹರ್ಷದಾ.

ಅವರು ಉಪ್ಪಲ್‌ನಿಂದ ಮೆಟ್ರೋ ಹಿಡಿದು, ಅಮೀರ್‌ಪೇಟೆಯಲ್ಲಿ ಬದಲಿಸಿ, ನಾಂಪಲ್ಲಿಯಲ್ಲಿ ಇಳಿದು ನಡೆದರು. ಮೊದಲ ಸಲ ಮುಖಾಮುಖಿ ಸಿಕ್ಕ ಫೈಜಾನ್ ಹರ್ಷದಾಳಿಗೆ ಸಲಾಂ ಮಾಡಿ, ನಾಚಿ, ಸ್ರವಂತಿಯ ಹಿಂದೆ ಸರಿದ. ದನಿ ಕೇಳಿ ಆರಡಿ ಆಳು ಎಂದುಕೊಂಡಿದ್ದವಳಿಗೆ ಅವನ ಸಣಕಲು ಕುತ್ತಿಗೆ, ಈಗಷ್ಟೇ ಮೂಡಿದ ತೆಳು ಮೀಸೆ ನೋಡಿ ಮುದ್ದೆನಿಸಿತು. ಸುಮಂತನ ಜೊತೆ ಮಲ್ಲಪ್ಪನೂ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮುಖದಲ್ಲಿ ಅಸಮಾಧಾನ.

ಮಕ್ಕಳು ವೇದಿಕೆಯ ಮೇಲಿನ ಕಂಪ್ಯೂಟರುಗಳ ಮುಂದೆ ಕೂತರು. ಪಾಲಕರಿಗೆ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳು. ದೊಡ್ಡ ಪರದೆಯ ಮೇಲೆ ಕೋಟೆ ಮೂಡಿತು. ಬೆಂಕಿ ಓಡಾಡಿತು. ಮಲ್ಲಪ್ಪ ಸ್ವಲ್ಪ ಹೊತ್ತು ನೋಡಿ ಮುಖ ಒರೆಸಿಕೊಂಡ.

"ಏನ್ರಿ ಮೇಡಂ, ಮುಂದಿನ ವರ್ಷ ಹತ್ತನೇತ್ತ. ಇವ ನೋಡಿದರ ಹಿಂಗ. ಇದರಾಗ ಏನೈತಿ ಅಂತ ನನಗಂತೂ ತಿಳಿವಲ್ದು. ನಿಮಗ ಏನರ ತಿಳಿತೈತೇನ್ರಿ?"

ಹರ್ಷದಾ ಬಾಯಿ ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದು ಮಗಳಿಗೆ. ವೇದಿಕೆ ದೂರವಿತ್ತು. ಅವಳು ಮಲ್ಲಪ್ಪನ ಕಡೆ ವಾಲಿ ಪಿಸುದನಿಯಲ್ಲಿ ಶುರುಮಾಡಿದಳು.

"ಅಲ್ಲಿ ಹಸಿರು ಟೊಪ್ಪಿಗಿ ಕಾಣತೈತಲ್ರಿ, ಬಾಗಲದಾಗ? ಅವನ ನಿಮ್ಮ ಸುಮಂತ. ಉಳಿದ ಮೂರು ಮಂದಿ ಒಳಗ ಹೋಗಿ ದೀಪ ಹಚ್ಚತಾರ. ಇವ ಒಬ್ಬಾವ ಹೊರಗ ನಿಂತು ಬಾಗಲಾ ಕಾಯಬೇಕು. ಒಳಗ ಹೋದವರಿಗೆ ಶಾಬಾಸಿ ಸಿಗತೈತಿ, ಬಾಗಲಾ ಕಾಯೋನ್ನ ಯಾರೂ ನೋಡಂಗಿಲ್ಲ. ಆದರ ಅವ ಓಡಿಹೋದರ ಎಲ್ಲಾರೂ ಸತ್ತಂಗ. ಈಗ ನೋಡ್ರಿ, ಇಬ್ಬರು ಬಂದರು."

ಮಲ್ಲಪ್ಪ ನೋಡಿದ. ಹಸಿರು ಟೊಪ್ಪಿಗೆ ಅಲ್ಲಾಡಲಿಲ್ಲ. ಒಂದು ಪೆಟ್ಟು ತಿಂದಿತು, ಎರಡು ತಿಂದಿತು, ಬಾಗಿಲು ಬಿಡಲಿಲ್ಲ.

"ಓಡವಲ್ನಲ್ರಿ!" ಎಂದ ಮಲ್ಲಪ್ಪ, ಕುರ್ಚಿಯ ತುದಿಗೆ ಬಂದು. "ಮನಿಯಾಗ ಜಿರಳಿ ಕಂಡರ ಓಡತಾನ, ಇಲ್ಲಿ ಓಡವಲ್ಲ!"

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ತಿರುಗಿ, ತನ್ನ ಮಗಳು ಯಾವಾಕೆ ಎಂದು ತೆಲುಗಿನಲ್ಲಿ ಕೇಳಿದಳು. ಹರ್ಷದಾ ತೋರಿಸಿದಳು. ನೋಡನೋಡುತ್ತ ಅವಳ ಸುತ್ತ ಕುರ್ಚಿಗಳು ಸರಿದು ಬಂದವು. ತಮ್ಮ ಮಕ್ಕಳು ಏನು ಮಾಡುತ್ತಾರೆಂದು ತಿಳಿಯದೆ ಬೆಳಗಿನಿಂದ ಫೋನು ತಿಕ್ಕುತ್ತ ಕೂತಿದ್ದವರು, ಈಗ ಯಾರ ಮಗು ಯಾವ ಬಣ್ಣ ಎಂದು ಗುರುತು ಹಿಡಿದು, ಉಸಿರು ಬಿಗಿಹಿಡಿದು ನೋಡತೊಡಗಿದರು. ಅಷ್ಟೆಲ್ಲ ಅಭಿಪ್ರಾಯಗಳ ಹರ್ಷದಾ ಅಂದು ಯಾರಿಗೂ ಹೀಗೆ ಆಡಬೇಕು, ಹಾಗೆ ಆಡಬೇಕು ಎನ್ನಲಿಲ್ಲ. ಏನು ನಡೆಯುತ್ತಿದೆಯೋ ಅಷ್ಟನ್ನೇ ಹೇಳಿದಳು.

ವರ್ಷಾಳ ತಂಡ ಮೊದಲ ಪಂದ್ಯ ಗೆದ್ದಿತು. ಎರಡನೆಯದರಲ್ಲಿ ಎಲ್ಲ ದೀಪ ಹಚ್ಚಿ, ಹೊರಗೆ ಬರುವ ಹೊತ್ತಿನಲ್ಲಿ, ಬಾಗಿಲ ಬಳಿ ಒಂದು ಗಳಿಗೆ ತಡವರಿಸಿ ಸೋತಿತು. ಪರದೆ ಕಪ್ಪಾದಾಗ ಮಲ್ಲಪ್ಪ, "ಛೇ, ಛೇ, ಛೇ" ಎಂದು ತೊಡೆ ಹಿಸುಕಿಕೊಂಡ.

ಹೋಟೆಲಿನಿಂದ ಹೊರಬಿದ್ದು ಎಲ್ಲರೂ ರಸ್ತೆಯಾಚೆಯ ಇರಾನಿ ಚಹಾದ ಅಂಗಡಿಗೆ ಹೋದರು. ಫೈಜಾನ್ ಮುಖ ಊದಿಸಿಕೊಂಡಿದ್ದ. ಸ್ರವಂತಿ ಉಸ್ಮಾನಿಯಾ ಬಿಸ್ಕತ್ತನ್ನು ತಿನ್ನದೆ ಚೂರು ಮಾಡುತ್ತಿದ್ದಳು. ಹರ್ಷದಾಳಿಗೆ ಸೋತದ್ದೆಲ್ಲಿ ಎಂದು ಕನ್ನಡಿಯಷ್ಟು ಸ್ಪಷ್ಟವಾಗಿ ಕಂಡಿತ್ತು. ಅವಳು ಚಹಾವನ್ನು ಸಾಸರಿಗೆ ಸುರಿದು, ಊದಿ, ಕುಡಿದು, ಮತ್ತೆ ಸುರಿದು, ಮತ್ತೆ ಊದಿದಳು.

ವರ್ಷಾ ಅವಳನ್ನೇ ನೋಡುತ್ತಿದ್ದಳು. "ಹೇಳಿಬಿಡು ಅಮ್ಮಾ. ಹೊಟ್ಟಿ ಉಬ್ಬಾಕತ್ತಿರಬೇಕು ನಿನಗ."

"ಕ್ಯಾಪ್ಟನ್ ನೀನು. ಮೊದಲ ನೀ ಹೇಳು. ಎಲ್ಲಿ ತಪ್ಪಾತು?"

ವರ್ಷಾ ಮೇಜಿನ ಮೇಲೆ ಒಂದು ಸಾಸರನ್ನು ಮಗುಚಿಟ್ಟಳು. ಅದು ಕೋಟೆಯ ಬಾಗಿಲು. ನಾಲ್ಕು ಬಿಸ್ಕತ್ತುಗಳು ತಂಡ, ಸಕ್ಕರೆ ಡಬ್ಬಿ ಎದುರಾಳಿ. "ಇಲ್ಲಿ ನಾ ನಿಲ್ರಿ ಅಂದೆ. ಅದು ತಪ್ಪಾತು. ನಿಲ್ಲಬಾರದಿತ್ತು, ಓಡಬೇಕಿತ್ತು" ಎಂದಳು, ದನಿ ಅಲುಗದಂತೆ.

"ಅಲ್ಲ" ಎಂದು ಹರ್ಷದಾ ಒಂದು ಬಿಸ್ಕತ್ತನ್ನು ಎತ್ತಿಕೊಂಡಳು. "ನಿಂತದ್ದು ಬರೋಬ್ಬರಿ ಇತ್ತು. ನೀವೆಲ್ಲಾ ಒಂದ ಕಡೆ ನಿಂತಿರಿ, ಅದು ತಪ್ಪು."

"ಹಂಗಲ್ಲಮ್ಮಾ! ಬ್ಯಾರೆ ಬ್ಯಾರೆ ನಿಂತಿದ್ದರ ಸುಮಂತಗ ಯಾರು ಸಹಾಯ ಮಾಡತಿದ್ದರು? ನಿನಗ ಅಲ್ಲಿಂದ ಆ ಮೂಲಿ ಕಾಣಂಗಿಲ್ಲ." ವರ್ಷಾ ತಾಯಿಯ ಕೈಯಿಂದ ಬಿಸ್ಕತ್ತು ಕಸಿದು ಮೊದಲಿನ ಜಾಗದಲ್ಲೇ ಇಟ್ಟಳು. "ಇಲ್ಲಿ ಕೂತು ನೋಡಿದವರಿಗೆ ಅದು ಗೊತ್ತಾಗಂಗಿಲ್ಲ."

ಹರ್ಷದಾ ಬಾಗಿ, ಮಗಳ ಕಡೆಯಿಂದ ಕೋಟೆಯನ್ನು ನೋಡಿದಳು. ನಿಜವೇ. ಆ ಮೂಲೆ ಅವಳಿಗೆ ಕಂಡಿರಲಿಲ್ಲ. "ಹೌದಲ್ಲ" ಎಂದಳು. ವರ್ಷಾ ಒಂದು ಕ್ಷಣ ಬೆಪ್ಪಾಗಿ ತಾಯಿಯ ಮುಖ ನೋಡಿ, ಆಮೇಲೆ ಉತ್ಸಾಹದಿಂದ ಸಕ್ಕರೆ ಡಬ್ಬಿಯನ್ನು ಎಳೆದಳು. ಫೈಜಾನ್ ತನ್ನ ಬಿಸ್ಕತ್ತು ತಾನೇ ಸರಿಸುತ್ತೇನೆಂದ. ಸ್ರವಂತಿ ಚಮಚೆಯನ್ನು ಗೋಡೆ ಮಾಡಿದಳು. ಮಲ್ಲಪ್ಪ ಜೇಬಿನ ಪೆನ್ನು ತೆಗೆದು, ಮಗನ ಬಿಸ್ಕತ್ತನ್ನು ತೋರಿಸಿ, "ಇವ ಇಲ್ಲೇ ನಿಂತಿರತಾನ, ಎಲ್ಲಿಗೂ ಹೋಗಂಗಿಲ್ಲ, ಅದನ್ನ ಹಿಡದು ಮಾತಾಡ್ರಿ" ಎಂದ. ಸುಮಂತ ಅಪ್ಪನನ್ನು ಹೊಸದಾಗಿ ನೋಡಿದವನಂತೆ ನೋಡಿದ.

ಮೇಜು ತೆರವು ಮಾಡಲು ಬಂದ ಅಂಗಡಿಯವನು ಮಗುಚಿದ ಸಾಸರಿಗೆ ಕೈ ಹಾಕಿದ. ಮಲ್ಲಪ್ಪ ಅಡ್ಡಲಾಗಿ ಕೈ ಚಾಚಿದ.

"ರೆಹನೇ ದೋ ಭಾಯ್. ಅಭೀ ಖೇಲ್ ಚಲ್ ರಾ ಹೈ. ಔರ್ ಛೆ ಚಾಯ್ ಲಾವ್."